ಯಾದಗಿರಿಯಲ್ಲಿದ್ದುಕೊಂಡು ದೂರಶಿಕ್ಷಣದಲ್ಲಿ ಎಂ.ಎ. ಓದಿದ ಅನುಭವ

ನಾನು ಯಾದಗಿರಿ ತಾಲ್ಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಶಿಕ್ಷಕಿ. 2019ರ ಜುಲೈ ಪ್ರವೇಶಾತಿಯಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಎಲ್ಲರ ಬಾಯಲ್ಲಿ ಅದು ಇಗ್ನೋ) ಅರ್ಥಶಾಸ್ತ್ರ ಎಂ.ಎ.ಗೆ ಹೆಸರು ನೋಂದಾಯಿಸಿ, ನೌಕರಿ ಮಾಡುತ್ತಲೇ ಅದನ್ನು ಮುಗಿಸಿದೆ. ಅದಕ್ಕೂ ಮೊದಲು ಬಿ.ಎ. ಮತ್ತು ಬಿ.ಇಡಿ. ಎರಡನ್ನೂ ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು, ದಿನವೂ ತರಗತಿಗೆ ಹೋಗಿ ಓದಿದ್ದೆ. ಎಂ.ಎ. ಓದಿದ ವರ್ಷಗಳಲ್ಲಿ ಹಗಲು ಹೊತ್ತು ಕರಿಹಲಗೆಯ ಮುಂದೆ ನಿಂತು ಕಲಿಸುತ್ತಿದ್ದೆ, ರಾತ್ರಿ ಶಿಕ್ಷಕರೇ ಕಣ್ಣಿಗೆ ಬೀಳದ ಒಂದು ವ್ಯವಸ್ಥೆಯಲ್ಲಿ ವಿದ್ಯಾರ್ಥಿನಿಯಾಗಿರುತ್ತಿದ್ದೆ. ಈ ಎರಡು ಬಗೆಯ ಶಿಕ್ಷಣವನ್ನು ಹೋಲಿಸುವ ಮಾತುಗಳನ್ನು ಆಗಾಗ ಕೇಳುತ್ತೇನೆ. ಹೆಚ್ಚಿನವು ಒಂದನ್ನು ಮಾತ್ರ ಕಂಡವರ ಮಾತುಗಳು. ಎರಡನ್ನೂ ಏಕಕಾಲದಲ್ಲಿ ಬದುಕಿದ ನನಗೆ ಕಂಡದ್ದನ್ನು ಬರೆದಿಡಬೇಕೆನಿಸಿದೆ.

ರೆಗ್ಯುಲರ್ ಆಗಿ ಓದುವ ದಾರಿ ನನಗೆ ಇರಲಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಸ್ಥಾಪನೆಯಾಯಿತು, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯವೂ ಇದೆ. ಆದರೆ ನೌಕರಿ, ಅತ್ತೆ-ಮಾವ, ಸಣ್ಣ ಮಗು ಇವೆಲ್ಲವನ್ನೂ ಬಿಟ್ಟು ಎರಡು ವರ್ಷ ಕ್ಯಾಂಪಸ್ಸಿಗೆ ಹೋಗಿ ಕೂರುವುದು ಆಗದ ಮಾತು. ನಮ್ಮ ಭಾಗದಲ್ಲಿ ಹೀಗೆ ಓದು ಅರ್ಧಕ್ಕೆ ನಿಂತವರ ಸಂಖ್ಯೆ ದೊಡ್ಡದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 52 ಮಾತ್ರ ಇತ್ತು. ರಾಜ್ಯದಲ್ಲಿ ಅದೇ ಕನಿಷ್ಠ. ಶಾಲೆಯ ಹಂತ ದಾಟಿದವರೇ ಕಡಿಮೆ ಇರುವ ಊರಿನಲ್ಲಿ, ಪದವಿ ಮುಗಿಸಿದ ಹೆಣ್ಣುಮಗಳು ಮುಂದೆ ಓದುತ್ತೇನೆ ಎಂದರೆ ಮನೆಯವರಿಗೆ ಅದು ಹೆಮ್ಮೆಯೂ ಹೌದು, ಚಿಂತೆಯೂ ಹೌದು. ಮನೆ ಬಿಟ್ಟು ಹೋಗಬೇಕಿಲ್ಲ ಎಂದು ತಿಳಿದ ಮೇಲೆ ಚಿಂತೆ ಕಡಿಮೆಯಾಯಿತು. ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯ ಮೂಲಕ ಇಲಾಖೆಯ ಅನುಮತಿ ಪಡೆದು, ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, ಶುಲ್ಕ ಕಟ್ಟಿದೆ. ಆ ಕೆಲಸ ಸರಳವಾಗಿಯೇ ಆಯಿತು.

ನೋಂದಣಿಯಾದ ಮೇಲೆ ನೆಂಟರಿಷ್ಟರು ಕೇಳಿದ ಮೊದಲ ಪ್ರಶ್ನೆ, "ಕರೆಸ್ಪಾಂಡೆನ್ಸ್ ಡಿಗ್ರಿಗೆ ಕಿಮ್ಮತ್ ಅದ ಏನ್ರೀ?" ಎಂಬುದು. ಪ್ರಶ್ನೆ ನ್ಯಾಯವಾದದ್ದೇ. ಈ ದಾರಿ ನಮ್ಮ ದೇಶದಲ್ಲಿ ಹೊಸದೇನಲ್ಲ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಮೂಲಕ ಪದವಿ ಪಾಠ ಶುರು ಮಾಡಿತು. ಮೈಸೂರು ವಿಶ್ವವಿದ್ಯಾಲಯದ ಅಂಚೆ ಶಿಕ್ಷಣ ಸಂಸ್ಥೆ 1969ರಲ್ಲಿ ಬಂತು, ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ನಮಗೆ ಹತ್ತಿರದ ಹೈದರಾಬಾದಿನಲ್ಲಿ 1982ರಲ್ಲಿ ಆರಂಭವಾದದ್ದು ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ. ಇಂದು ಅದಕ್ಕೆ ಡಾ. ಬಿ.ಆರ್. ಅಂಬೇಡ್ಕರ್ ಅವರ ಹೆಸರಿದೆ. ಇಗ್ನೋ ಸಂಸತ್ತಿನ ಕಾಯಿದೆಯಿಂದ 1985ರಲ್ಲಿ ಹುಟ್ಟಿತು. ಇಷ್ಟೆಲ್ಲ ಆಗಿಯೂ ಜನರ ಮನಸ್ಸಿನಲ್ಲಿ ಇದು ಎರಡನೆಯ ದರ್ಜೆಯ ಓದಾಗಿಯೇ ಉಳಿದಿತ್ತು. ಮಾನ್ಯತೆ ಪಡೆದ ಸಂಸ್ಥೆಗಳಿಂದ ದೂರಶಿಕ್ಷಣದಲ್ಲಿ ಪಡೆದ ಪದವಿಯು ರೆಗ್ಯುಲರ್ ಪದವಿಗೆ ಸಮಾನ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಬೇಕಾಗಿ ಬಂದದ್ದೇ ಈ ಅನುಮಾನ ಎಷ್ಟು ಆಳವಾಗಿದೆ ಎಂಬುದಕ್ಕೆ ಸಾಕ್ಷಿ. ಆದರೆ ಕಾಗದದ ಮೇಲಿನ ಸಮಾನತೆ ಬೇರೆ, ಕಲಿಕೆಯ ಸಮಾನತೆ ಬೇರೆ. ನಾನು ಹೇಳಹೊರಟಿರುವುದು ಎರಡನೆಯದರ ಬಗ್ಗೆ.

ಪುಸ್ತಕಗಳ ಕಟ್ಟು ಅಂಚೆಯಲ್ಲಿ ಬಂತು. ಅವನ್ನು ಬಿಚ್ಚಿ ಓದತೊಡಗಿದಾಗ ನನ್ನ ಗಮನ ಸೆಳೆದದ್ದು ಅವುಗಳ ಕಟ್ಟುವಿಕೆ. ಬಿ.ಎ.ಯಲ್ಲಿ ನಾವು ಓದಿದ ಪಠ್ಯಗಳು ವಿಷಯವನ್ನು ಹೇಳಿ ಮುಗಿಸುತ್ತಿದ್ದವು. ಓದುವವರಿಗೆ ಅರ್ಥವಾಗಲಿ ಬಿಡಲಿ, ಅದನ್ನು ನೋಡಿಕೊಳ್ಳುವ ಹೊಣೆ ಉಪನ್ಯಾಸಕರದು. ಈ ಪುಸ್ತಕಗಳಲ್ಲಿ ಪ್ರತಿ ಘಟಕದ ತಲೆಯಲ್ಲಿ, ಇದನ್ನು ಓದಿದ ಮೇಲೆ ನೀವು ಏನೇನನ್ನು ವಿವರಿಸಬಲ್ಲವರಾಗಬೇಕು ಎಂಬ ಪಟ್ಟಿ ಇರುತ್ತದೆ. ನಾಲ್ಕಾರು ಪುಟ ಸಾಗುವಷ್ಟರಲ್ಲಿ ನಿಮ್ಮ ಪ್ರಗತಿಯನ್ನು ಪರೀಕ್ಷಿಸಿಕೊಳ್ಳಿ ಎಂಬ ಚೌಕಟ್ಟು ಬರುತ್ತದೆ, ಕೆಳಗೆ ಉತ್ತರ ಬರೆಯಲು ಖಾಲಿ ಗೆರೆಗಳು, ಘಟಕದ ಕೊನೆಯಲ್ಲಿ ಉತ್ತರದ ಸುಳಿವು. ಅಂದರೆ, ತರಗತಿಯಲ್ಲಿ ಒಳ್ಳೆಯ ಶಿಕ್ಷಕರು ಪಾಠದ ನಡುವೆ ತಡೆದು, "ಎಲ್ಲಿ, ಈಗ ಹೇಳಿದ್ದನ್ನು ನೀನು ಹೇಳು ನೋಡೋಣ" ಎನ್ನುವುದನ್ನು ಪುಸ್ತಕದ ಒಳಗೇ ಬರೆದು ಕೂಡಿಸಿದ್ದಾರೆ. ಬಹಳ ಜನ ಆ ಖಾಲಿ ಗೆರೆಗಳನ್ನು ದಾಟಿ ಮುಂದಿನ ಪುಟಕ್ಕೆ ಹೋಗುತ್ತಾರೆ. ನಾನು ಅವನ್ನು ಪೆನ್ಸಿಲಿನಲ್ಲಿ ತುಂಬದೆ ಮುಂದೆ ಹೋಗುವುದಿಲ್ಲ ಎಂಬ ನಿಯಮ ಮಾಡಿಕೊಂಡೆ. ದೂರಶಿಕ್ಷಣದ ಜೀವ ಆ ಗೆರೆಗಳಲ್ಲಿದೆ ಎಂದು ಈಗಲೂ ನಂಬಿದ್ದೇನೆ.

ಇಗ್ನೋದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಧ್ಯಯನ. ಆರು ಕ್ರೆಡಿಟ್ಟಿನ ಒಂದು ಪತ್ರಿಕೆಗೆ 180 ಗಂಟೆ. ಈ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಹಂಚಿ ಬರೆದಾಗ, ತರಗತಿ ಎಂಬುದು ನಮಗೆ ಏನನ್ನು ಕೊಡುತ್ತಿತ್ತು ಎಂಬುದು ಚೆನ್ನಾಗಿ ಅರಿವಿಗೆ ಬಂತು. ಕಾಲೇಜಿನ ವೇಳಾಪಟ್ಟಿ ವಿದ್ಯಾರ್ಥಿಯ ಸಮಯವನ್ನು ಮನೆಯವರ ಕೈಯಿಂದ ಬಿಡಿಸಿ ಕೊಡುತ್ತದೆ. ಹತ್ತು ಗಂಟೆಗೆ ಕ್ಲಾಸಿದೆ ಎಂದರೆ ಯಾರೂ ತಡೆಯುವುದಿಲ್ಲ. ಮನೆಯಲ್ಲೇ ಕುಳಿತು ಓದುವವಳಿಗೆ ಆ ಆಸರೆ ಇಲ್ಲ. ಪುಸ್ತಕ ಹಿಡಿದವಳು ಕೆಲಸವಿಲ್ಲದೆ ಕುಳಿತವಳಂತೆ ಕಾಣುತ್ತಾಳೆ, ಒಲೆ, ನೀರು, ಬಂದವರಿಗೆ ಚಹಾ, ಒಂದಾದ ಮೇಲೊಂದು ಕರೆ ಬರುತ್ತದೆ. ಗಂಡಸರಿಗೆ ಈ ಕಷ್ಟ ಇಲ್ಲವೆಂದಲ್ಲ, ಆದರೆ ಅವರು ಪುಸ್ತಕ ಹಿಡಿದರೆ ಮನೆ ತಂತಾನೇ ಸ್ವಲ್ಪ ಸದ್ದಡಗುತ್ತದೆ. ನನ್ನ ಯಜಮಾನರು ಅರ್ಥ ಮಾಡಿಕೊಂಡವರು. ನಸುಕಿನ ಹೊತ್ತು ನನ್ನದು ಎಂದು ಮಾತಾಯಿತು, ಮಗುವನ್ನು ಅವರು ನೋಡಿಕೊಂಡರು. ದೂರಶಿಕ್ಷಣದ ಬಗ್ಗೆ ಬರೆಯುವವರು ಸ್ವಾತಂತ್ರ್ಯ, ಅನುಕೂಲ ಎಂಬ ಮಾತುಗಳನ್ನು ಧಾರಾಳವಾಗಿ ಬಳಸುತ್ತಾರೆ. ನಿಮ್ಮ ವೇಗದಲ್ಲಿ ಓದಬಹುದು ಎಂಬುದು ನಿಜ, ಆದರೆ ಆ ವೇಗವನ್ನು ಕಾಯ್ದುಕೊಡಲು ಮನೆಯಲ್ಲಿ ಯಾರಾದರೂ ಒಬ್ಬರು ಸಿದ್ಧರಿರಬೇಕು ಎಂಬುದನ್ನೂ ಜೊತೆಗೇ ಹೇಳಬೇಕು.

ಭಾಷೆಯ ತೊಡಕೂ ಇತ್ತು. ಬಿ.ಎ.ವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಈ ಎಂ.ಎ. ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡದಲ್ಲಿ ಬರೆಯಬಯಸುವವರು ರಾಜ್ಯ ಮುಕ್ತ ವಿಶ್ವವಿದ್ಯಾಲಯವನ್ನು ಆರಿಸಿಕೊಳ್ಳುವುದು ಸುಲಭ. ನಾನು ಮೊದಲ ತಿಂಗಳುಗಳಲ್ಲಿ ಪ್ರತಿ ಘಟಕವನ್ನು ಓದಿ, ಅದರ ಸಾರವನ್ನು ನನ್ನದೇ ಕನ್ನಡದಲ್ಲಿ ಒಂದು ಪುಟಕ್ಕಿಳಿಸುತ್ತಿದ್ದೆ. ಹೀಗೆ ಬರೆಯುವಾಗ ಅರ್ಥವಾಗದೆ ಉಳಿದ ಜಾಗ ತಾನಾಗಿ ಗೊತ್ತಾಗುತ್ತಿತ್ತು, ಏಕೆಂದರೆ ಅಲ್ಲಿ ಕೈ ನಿಲ್ಲುತ್ತಿತ್ತು. ತರಗತಿಯಲ್ಲಿ ನೋಟ್ಸ್ ಬರೆದುಕೊಂಡ ವರ್ಷಗಳಲ್ಲಿ ನನ್ನ ಕೈ ಎಂದೂ ನಿಂತಿರಲಿಲ್ಲ.

ಆ ನೋಟ್ಸ್ ಬಗ್ಗೆ ಒಂದು ಮಾತು. ತರಗತಿ ಶಿಕ್ಷಣವನ್ನು ಹೊಗಳುವವರು ಅದರ ಉತ್ತಮ ಗಳಿಗೆಗಳನ್ನು ನೆನೆದು ಹೊಗಳುತ್ತಾರೆ. ನನಗೂ ಅಂಥ ಗಳಿಗೆಗಳಿವೆ. ಬಿ.ಎ.ಯಲ್ಲಿ ಅರ್ಥಶಾಸ್ತ್ರ ಕಲಿಸಿದ ಒಬ್ಬ ಉಪನ್ಯಾಸಕರು ಪಾಠದ ನಡುವೆ ಯಾರದಾದರೂ ಮುಖ ನೋಡಿ ಗಕ್ಕನೆ ನಿಂತು, ಅದೇ ಸಂಗತಿಯನ್ನು ಬೇರೆ ಉದಾಹರಣೆಯಿಂದ ಮತ್ತೆ ಹೇಳುತ್ತಿದ್ದರು. ಹುಡುಗಿಯರ ಬೆಂಚಿನಿಂದ ಯಾರೂ ಪ್ರಶ್ನೆ ಕೇಳದ ಆ ಕಾಲದಲ್ಲಿ ನಮ್ಮ ಕೇಳದ ಪ್ರಶ್ನೆಯನ್ನು ಅವರು ಮುಖದಲ್ಲೇ ಓದುತ್ತಿದ್ದರು. ಆದರೆ ಅವರ ಒಂದು ಗಂಟೆಯನ್ನು ಬಿಟ್ಟರೆ ಉಳಿದ ಗಂಟೆಗಳಲ್ಲಿ ನೂರಕ್ಕೂ ಹೆಚ್ಚು ಜನ ತಲೆ ತಗ್ಗಿಸಿ, ಹಳೆಯ ನೋಟ್ಸಿನಿಂದ ಓದಿ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆವು. ಅಲ್ಲಿ ಶಿಕ್ಷಕರು ಕಣ್ಣೆದುರಿಗಿದ್ದರೂ ಶಿಕ್ಷಣ ದೂರದಲ್ಲೇ ಇತ್ತು. ದೂರಶಿಕ್ಷಣದ ಬಗ್ಗೆ 1970ರ ದಶಕದಿಂದ ಚಿಂತನೆ ನಡೆಸಿದ ಮೈಕಲ್ ಮೂರ್ ಎಂಬ ಶಿಕ್ಷಣತಜ್ಞರು ಇದನ್ನೇ ಸಿದ್ಧಾಂತವಾಗಿ ಹೇಳಿದ್ದಾರೆ: ಕಲಿಕೆಯಲ್ಲಿನ ದೂರವನ್ನು ಮೈಲಿಗಳಲ್ಲಿ ಅಳೆಯಬಾರದು, ಕಲಿಸುವವರ ಮತ್ತು ಕಲಿಯುವವರ ನಡುವೆ ಸಂವಾದ ಎಷ್ಟಿದೆ, ಪಾಠದ ಚೌಕಟ್ಟು ಎಷ್ಟು ಬಿಗಿಯಾಗಿದೆ, ಕಲಿಯುವವರು ತಮ್ಮ ಓದನ್ನು ತಾವೇ ಎಷ್ಟರಮಟ್ಟಿಗೆ ನಡೆಸಿಕೊಳ್ಳಬಲ್ಲರು ಎಂಬುದರಿಂದ ಅಳೆಯಬೇಕು. ಈ ವಿಚಾರವನ್ನು ಓದಿದಾಗ ನನಗೆ ಕಾಣಿಸಿದ್ದು ನನ್ನ ತರಗತಿಯ ಕೊನೆಯ ಬೆಂಚು. ಅಲ್ಲಿ ಕೂರುವ ಹುಡುಗ ನನ್ನಿಂದ ಹದಿನೈದು ಅಡಿ ದೂರದಲ್ಲಿದ್ದಾನೆ, ಆದರೆ ತಿಂಗಳುಗಟ್ಟಲೆ ಅವನೊಡನೆ ನನ್ನ ಒಂದು ಮಾತೂ ಆಗಿರುವುದಿಲ್ಲ.

ಸಂಪರ್ಕ ತರಗತಿಗಳಿಗೆಂದು ಕೆಲವು ಭಾನುವಾರ ಕಲಬುರಗಿಗೆ ಹೋಗುತ್ತಿದ್ದೆ. ಅವು ಉಪನ್ಯಾಸಗಳಲ್ಲ; ಓದಿಕೊಂಡು ಬಂದವರು ಸಂಶಯ ಕೇಳಿ ಬಗೆಹರಿಸಿಕೊಳ್ಳಲಿ ಎಂಬುದು ಅವುಗಳ ಉದ್ದೇಶ, ಆದ್ದರಿಂದ ಸಂಖ್ಯೆಯಲ್ಲಿಯೂ ಕಡಿಮೆ. ಯಾದಗಿರಿಯಿಂದ ಬೆಳಗಿನ ರೈಲು ಹಿಡಿದರೆ ನಾಲವಾರ, ವಾಡಿ, ಶಹಾಬಾದ್ ದಾಟಿ ಕಲಬುರಗಿ ಮುಟ್ಟುವಷ್ಟರಲ್ಲಿ ಒಂದು ಘಟಕ ಓದಿ ಮುಗಿಯುತ್ತಿತ್ತು. ಅಲ್ಲಿ ಸೇರುತ್ತಿದ್ದವರು ಕಾಲೇಜಿನ ಸಹಪಾಠಿಗಳಂತೆ ಒಂದೇ ವಯಸ್ಸಿನವರಲ್ಲ. ಒಬ್ಬರು ಪೊಲೀಸ್ ಹೆಡ್ ಕಾನ್‌ಸ್ಟೇಬಲ್, ಒಬ್ಬರು ಕಪನೂರಿನ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವರು, ಬೀದರಿನಿಂದ ಬರುತ್ತಿದ್ದ ಒಬ್ಬ ಬ್ಯಾಂಕ್ ನೌಕರರು, ನನ್ನ ಹಾಗೆ ಒಬ್ಬಿಬ್ಬರು ಶಿಕ್ಷಕರು. ಅರ್ಥಶಾಸ್ತ್ರದ ಪಾಠಕ್ಕೆ ಇಂಥ ತರಗತಿ ದೊರೆಯುವುದು ಅಪರೂಪ. ಹಣದುಬ್ಬರದ ಚರ್ಚೆ ಬಂದಾಗ ಬ್ಯಾಂಕಿನವರು ಬಡ್ಡಿ ದರದ ಬಗ್ಗೆ, ಮಿಲ್ಲಿನವರು ದಾಸ್ತಾನಿನ ಬಗ್ಗೆ ತಾವು ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದರು. ಇಪ್ಪತ್ತರ ವಯಸ್ಸಿನ ನಾವೆಲ್ಲ ಕುಳಿತಿದ್ದ ಬಿ.ಎ. ತರಗತಿಯಲ್ಲಿ ಅದು ಸಾಧ್ಯವಿರಲಿಲ್ಲ. ಭಾನುವಾರಗಳ ನಡುವೆ ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆಗಳು ಓಡಾಡುತ್ತಿದ್ದವು, ರಾತ್ರಿ ಪಾಳಿ ಮುಗಿಸಿ ಬಂದ ಹೆಡ್ ಕಾನ್‌ಸ್ಟೇಬಲ್ ಅಣ್ಣ ಎಷ್ಟೋ ಸಲ ನಸುಕಿನಲ್ಲಿ ಉತ್ತರ ಬರೆಯುತ್ತಿದ್ದರು.

ಈ ನೆಲದ ಹಳೆಯ ವಿದ್ಯಾಕೇಂದ್ರಗಳನ್ನು ನೆನೆದರೆ ನಮ್ಮ ಓದು ಅವುಗಳಿಗೆ ತೀರ ವಿರುದ್ಧ ತುದಿಯಲ್ಲಿ ನಿಲ್ಲುತ್ತದೆ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 11ನೆಯ ಶತಮಾನದ ಘಟಿಕಾಸ್ಥಾನವಿತ್ತು. ಬೀದರಿನಲ್ಲಿ ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಗುರುಗಳಿಗೂ ವಿದ್ಯಾರ್ಥಿಗಳಿಗೂ ವಾಸದ ಕೋಣೆಗಳಿದ್ದವು. ಗುರುವಿನ ಹತ್ತಿರವೇ ವಾಸಿಸಿ ಕಲಿಯುವುದು ಅಲ್ಲಿನ ಕ್ರಮ. ಆದರೆ ಆ ಎರಡೂ ಕಡೆ ಗ್ರಂಥಭಂಡಾರಕ್ಕೂ ದೊಡ್ಡ ಸ್ಥಾನವಿತ್ತು ಎಂಬುದನ್ನು ಮರೆಯಬಾರದು. ಗುರುವಿನ ಜೊತೆಗಿದ್ದವರಿಗೂ ಒಬ್ಬರೇ ಕುಳಿತು ಓದುವ ಹೊತ್ತು ಬೇಕಾಗಿತ್ತು.

ಒಬ್ಬಳೇ ಓದಿ ದಾಟಲಾಗದ ಪತ್ರಿಕೆಯೂ ನನಗೆ ಎದುರಾಯಿತು. ಅರ್ಥಶಾಸ್ತ್ರದ ಗಣಿತ ವಿಧಾನಗಳ ಪತ್ರಿಕೆ ಅದು. ಮಾತೃಕೆಗಳು, ಅವಕಲನ, ಗರಿಷ್ಠ-ಕನಿಷ್ಠ ಮೌಲ್ಯಗಳನ್ನು ಕಂಡುಹಿಡಿಯುವ ಕ್ರಮ. ಪಿಯುಸಿಯಲ್ಲಿ ಕಲಾ ವಿಭಾಗ ಓದಿದವಳಿಗೆ ಇವು ಹೊಸ ಲಿಪಿಯ ಹಾಗೆ ಕಂಡವು. ಇಗ್ನೋದ ಡಿಜಿಟಲ್ ಪಠ್ಯಭಂಡಾರವಾದ ಇ-ಜ್ಞಾನಕೋಶದಲ್ಲಿದ್ದ ಪಾಠಗಳನ್ನು ಓದಿದೆ, ಕೇಂದ್ರ ಸರಕಾರದ 'ಸ್ವಯಂ' ಎಂಬ ಕಲಿಕಾ ಜಾಲತಾಣದಲ್ಲಿ ಐಐಟಿ ಪ್ರಾಧ್ಯಾಪಕರ ವಿಡಿಯೋಗಳನ್ನು ನೋಡಿದೆ. ವಿಡಿಯೋ ಪಾಠಕ್ಕೆ ಒಂದು ದೊಡ್ಡ ಗುಣವಿದೆ: ಬೇಕಾದಲ್ಲಿ ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ನಾಚಿಕೆಯಿಲ್ಲದೆ ಅದೇ ಮಾತನ್ನು ಮತ್ತೆ ಮತ್ತೆ ಕೇಳಬಹುದು. ಆದರೆ ಎಷ್ಟು ಸಲ ಕೇಳಿದರೂ ಅವರು ಅದೇ ಮಾತನ್ನು ಅದೇ ರೀತಿಯಲ್ಲಿ ಹೇಳುತ್ತಾರೆ. ನನಗೆ ತೊಡಕಾದದ್ದು ಅವರು ಹೇಳಿದ ಹಂತದಲ್ಲಿ ಅಲ್ಲ, ನನಗೆ ಗೊತ್ತಿರಬಹುದೆಂದು ಅವರು ಬಿಟ್ಟುಹೋದ ಹಂತದಲ್ಲಿ. ಕೊನೆಗೆ ನಮ್ಮ ಶಾಲೆಯ ಗಣಿತದ ಸರ್ ಸಂಜೆ ಶಾಲೆ ಬಿಟ್ಟ ಮೇಲೆ ಹತ್ತನೆಯ ತರಗತಿಯ ಕರಿಹಲಗೆಯ ಮೇಲೆ ನನಗೆ ಪಾಠ ಹೇಳಲು ಒಪ್ಪಿದರು. ಅವರು ಮೊದಲ ಸಂಜೆ ಲೆಕ್ಕ ಬಿಡಿಸಿ ತೋರಿಸಲಿಲ್ಲ. ಸೀಮೆಸುಣ್ಣ ನನ್ನ ಕೈಗೆ ಕೊಟ್ಟು, "ನೀವು ಮಾಡ್ರಿ ಟೀಚರ್, ಎಲ್ಲಿ ನಿಲ್ತೀರಿ ನೋಡ್ತೀನಿ" ಎಂದರು. ಎರಡನೆಯ ಸಾಲಿನಲ್ಲೇ ನಾನು ನಿಂತೆ. ಅದು ಪ್ರೌಢಶಾಲೆಯ ಬೀಜಗಣಿತದ ಸಂಗತಿಯಾಗಿತ್ತು, ಎಂ.ಎ.ಯದ್ದಲ್ಲ. ಅಲ್ಲಿಂದ ಹಿಡಿದು ಬಂದ ಮೇಲೆ ಉಳಿದದ್ದು ತಾನಾಗಿ ತೆರೆದುಕೊಂಡಿತು.

ನನ್ನ ಇಡೀ ಅನುಭವದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು ಎಂದು ತಿಳಿದಿದ್ದೇನೆ. ದೂರಶಿಕ್ಷಣದಲ್ಲಿ ಪಾಠಕ್ಕೆ ಕೊರತೆಯಿಲ್ಲ, ಪುಸ್ತಕ, ವಿಡಿಯೋ, ರೇಡಿಯೋ ಎಲ್ಲವೂ ಇವೆ. ಎಲ್ಲಿ ನಿಂತಿದ್ದೀಯ ಎಂದು ನೋಡುವವರು ಇರುವುದಿಲ್ಲ. ಒಳ್ಳೆಯ ತರಗತಿಯಲ್ಲಿ ಆ ನೋಡುವಿಕೆ ಇರುತ್ತದೆ, ಕೆಟ್ಟ ತರಗತಿಯಲ್ಲಿ ಅಲ್ಲಿಯೂ ಇರುವುದಿಲ್ಲ. ಮುಕ್ತ ವಿಶ್ವವಿದ್ಯಾಲಯಗಳು ಇದನ್ನು ಅರಿತೇ ಅಸೈನ್‌ಮೆಂಟ್ ಎಂಬ ಕ್ರಮವನ್ನು ಇಟ್ಟಿವೆ. ಇಗ್ನೋದಲ್ಲಿ ಹೆಚ್ಚಿನ ಕೋರ್ಸುಗಳಿಗೆ ಅಸೈನ್‌ಮೆಂಟಿಗೆ ಶೇ. 30, ಅಂತಿಮ ಪರೀಕ್ಷೆಗೆ ಶೇ. 70 ಅಂಕಗಳ ತೂಕವಿದೆ. ಕೈಬರಹದಲ್ಲಿ ಬರೆದು, ಮೇಲೆ ನೋಂದಣಿ ಸಂಖ್ಯೆ ಹಚ್ಚಿ, ಅಧ್ಯಯನ ಕೇಂದ್ರಕ್ಕೆ ಕೊಡಬೇಕಿತ್ತು. ಅದನ್ನು ಅಂಕಕ್ಕಾಗಿ ಮಾತ್ರ ನೋಡುವವರು ಹಳೆಯ ಉತ್ತರಗಳನ್ನು ಕೊಂಡು ನಕಲು ಮಾಡುತ್ತಾರೆ, ಅಂಗಡಿಗಳಲ್ಲಿ ಅವು ರಾಜಾರೋಷವಾಗಿ ಸಿಗುತ್ತವೆ. ಹಾಗೆ ಮಾಡಿದವರು ಈ ವ್ಯವಸ್ಥೆಯಲ್ಲಿ ಶಿಕ್ಷಕರೊಡನೆ ಮಾತಾಡಲು ಇರುವ ಕೆಲವೇ ಬಾಗಿಲುಗಳಲ್ಲಿ ಒಂದನ್ನು ತಾವಾಗಿ ಮುಚ್ಚಿಕೊಳ್ಳುತ್ತಾರೆ. ನನ್ನ ಒಂದು ಅಸೈನ್‌ಮೆಂಟಿನ ಅಂಚಿನಲ್ಲಿ ಮೌಲ್ಯಮಾಪಕರು, ನಕ್ಷೆಯಲ್ಲಿ ರೇಖೆ ಬಲಕ್ಕೆ ಸರಿದದ್ದನ್ನು ತೋರಿಸಿದ್ದೀರಿ, ಆ ಬೆಲೆಯಲ್ಲಿ ಕೊಳ್ಳುವವರ ಮನೆಯಲ್ಲಿ ಏನು ಬದಲಾಯಿತು ಎಂಬುದನ್ನೂ ಬರೆಯಿರಿ ಎಂಬರ್ಥದ ಟಿಪ್ಪಣಿ ಬರೆದಿದ್ದರು. ಮುಖ ನೋಡದ ಆ ಶಿಕ್ಷಕರ ಒಂದು ಸಾಲು ನನ್ನ ಮುಂದಿನ ಎಲ್ಲ ಉತ್ತರಗಳನ್ನು ತಿದ್ದಿತು.

ಆ ಸಾಲಿನ ಬೆನ್ನು ಹಿಡಿದೇ ನಾನು ತೊಗರಿಯ ಬೆಲೆಯ ಕಡೆಗೆ ಬಂದೆ. ಬೆಲೆ ಮತ್ತು ಪೂರೈಕೆಯ ಪಾಠದಲ್ಲಿ ಜೇಡರ ಬಲೆಯ ಸಿದ್ಧಾಂತ ಎಂಬುದೊಂದಿದೆ. ಆ ಹೆಸರನ್ನು ಅದಕ್ಕೆ ಕೊಟ್ಟವರು ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್, 1934ರಲ್ಲಿ. ಈ ವರ್ಷದ ಬೆಲೆ ನೋಡಿ ರೈತರು ಮುಂದಿನ ವರ್ಷದ ಬಿತ್ತನೆ ನಿರ್ಧರಿಸುತ್ತಾರೆ, ಫಸಲು ಬರುವಷ್ಟರಲ್ಲಿ ಪೂರೈಕೆ ಹೆಚ್ಚಾಗಿ ಬೆಲೆ ಕುಸಿಯುತ್ತದೆ, ಕುಸಿದ ಬೆಲೆ ನೋಡಿ ಬಿತ್ತನೆ ಕಡಿಮೆ ಮಾಡುತ್ತಾರೆ, ಮತ್ತೆ ಬೆಲೆ ಏರುತ್ತದೆ. ಪುಸ್ತಕದಲ್ಲಿ ಅದು ಗೆರೆಗಳ ಸುತ್ತು. ನಮ್ಮ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೊಬ್ಬರು ತೊಗರಿ ಬೆಳೆಯುವವರು, ಅವರನ್ನು ಮಾತಿಗೆಳೆದಾಗ ಅವರು ಹೇಳಿದ್ದು ಹೀಗೆ: "ಒಂದ್ ವರ್ಷ ರೇಟ್ ಛಲೋ ಬಂತ್ರಿ ಅಕ್ಕೋರೆ. ಎಲ್ಲಾರೂ ತೊಗರಿನೇ ಹಾಕಿದ್ವಿ. ರಾಶಿ ಆಗೂದರಾಗ ರೇಟ್ ಬಿದ್ದೋತು." ಅವರು ಹೇಳುತ್ತಿದ್ದದ್ದು 2015 ಮತ್ತು 2016ರ ಮಾತು. 2015ರ ಅಕ್ಟೋಬರಿನ ಸುಮಾರಿಗೆ ತೊಗರಿ ಬೇಳೆ ಅಂಗಡಿಯಲ್ಲಿ ಕಿಲೋಗೆ 200 ರೂಪಾಯಿಯ ಹತ್ತಿರ ಹೋಗಿತ್ತು. ಮರುವರ್ಷ ದೇಶದಲ್ಲೆಲ್ಲ ತೊಗರಿ ಭರ್ಜರಿಯಾಗಿ ಬೆಳೆದು, ಕೇಂದ್ರ ಸರಕಾರ ಬೋನಸ್ ಸೇರಿಸಿ ಕ್ವಿಂಟಾಲಿಗೆ 5,050 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿದ್ದರೂ ಮಾರುಕಟ್ಟೆಯ ಬೆಲೆ ಅದಕ್ಕಿಂತ ಕೆಳಗಿಳಿಯಿತು. ರೈತರು ಖರೀದಿ ಕೇಂದ್ರಗಳ ಮುಂದೆ ಸಾಲು ನಿಂತದ್ದು ನಮಗೆಲ್ಲ ನೆನಪಿದೆ.

ಎರಡನೆಯ ವರ್ಷದ ಯೋಜನಾ ಕಾರ್ಯಕ್ಕೆ ನಾನು ಇದನ್ನೇ ಎತ್ತಿಕೊಂಡೆ. ಎಪಿಎಂಸಿಯ ಬೆಲೆ ಪಟ್ಟಿಗಳನ್ನು ಕೂಡಿಸಿದೆ, ಅಡತಿಯವರೊಡನೆ ಮಾತಾಡಿದೆ, ಬಿತ್ತುವ ಮುನ್ನ ಯಾವುದನ್ನು ನೋಡಿ ನಿರ್ಧರಿಸುತ್ತೀರಿ ಎಂದು ರೈತ ಕುಟುಂಬಗಳನ್ನು ಕೇಳಿದೆ. ಕ್ಯಾಂಪಸ್ಸಿನಲ್ಲಿದ್ದು ಓದಿದ್ದರೆ ಮಾರ್ಗದರ್ಶಕರು ವಾರಕ್ಕೊಮ್ಮೆ ಸಿಗುತ್ತಿದ್ದರು, ಗ್ರಂಥಾಲಯವೂ ಹತ್ತಿರವಿರುತ್ತಿತ್ತು. ಆ ಎರಡರ ಕೊರತೆ ನನಗೆ ಹೆಜ್ಜೆಹೆಜ್ಜೆಗೂ ಗೊತ್ತಾಯಿತು. ಆದರೆ ಓದುತ್ತಿದ್ದ ವಿಷಯ ಮತ್ತು ಬದುಕುತ್ತಿದ್ದ ಊರು ಒಂದೇ ಆಗಿದ್ದದ್ದು ನನ್ನ ಭಾಗ್ಯ. ದೂರಶಿಕ್ಷಣದ ವಿದ್ಯಾರ್ಥಿ ತನ್ನ ಊರನ್ನು ಬಿಟ್ಟು ಹೋಗುವುದಿಲ್ಲ ಎಂಬುದನ್ನು ಬರೀ ಅನುಕೂಲವೆಂದು ಎಣಿಸುವುದು ಸರಿಯಲ್ಲ. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಗ್ರಾಮೀಣಾಭಿವೃದ್ಧಿಯಂಥ ವಿಷಯಗಳಿಗೆ ಅದು ಕಲಿಕೆಯ ಬಲವೇ ಆಗಿದೆ. ವೈದ್ಯಕೀಯ, ಎಂಜಿನಿಯರಿಂಗ್, ನರ್ಸಿಂಗ್ ಪದವಿಗಳನ್ನು ಈ ದಾರಿಯಲ್ಲಿ ಕೊಡಲು ಯುಜಿಸಿ ನಿಯಮಗಳು ಅವಕಾಶ ಕೊಟ್ಟಿಲ್ಲ, ಅದು ಸರಿಯಾದದ್ದೇ. ಕೈಯಿಂದ ಮಾಡಿ, ಪಕ್ಕದಲ್ಲಿ ನಿಂತವರಿಂದ ತಿದ್ದಿಸಿಕೊಂಡು ಕಲಿಯಬೇಕಾದ ವಿದ್ಯೆಗಳು ಅವು.

ನನ್ನ ಓದಿನ ನಡುವೆಯೇ 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಜೂನ್‌ನಲ್ಲಿ ಆಗಬೇಕಿದ್ದ ನನ್ನ ಪರೀಕ್ಷೆ ಸೆಪ್ಟೆಂಬರಿಗೆ ಹೋಯಿತು, ಅಸೈನ್‌ಮೆಂಟುಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಕಳಿಸಬಹುದಾಯಿತು. ನನಗೆ ಅದರಿಂದ ಅಂಥ ತೊಂದರೆಯಾಗಲಿಲ್ಲ, ಏಕೆಂದರೆ ನಾನು ಮೊದಲೇ ದೂರದಿಂದ ಓದುತ್ತಿದ್ದವಳು. ಆದರೆ ನನ್ನ ಮಕ್ಕಳು, ಅಂದರೆ ಶಾಲೆಯ ಮಕ್ಕಳು, ಒಂದೇ ದಿನದಲ್ಲಿ ದೂರಶಿಕ್ಷಣದ ವಿದ್ಯಾರ್ಥಿಗಳಾಗಿಬಿಟ್ಟರು. ಆ ವರ್ಷ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಆ ವರ್ಷದ ಜುಲೈನಿಂದ ಚಂದನ ವಾಹಿನಿಯಲ್ಲಿ ಸಂವೇದ ಎಂಬ ಹೆಸರಿನ ಪಾಠಗಳು ಪ್ರೌಢಶಾಲೆಯ ಮಕ್ಕಳಿಗೆ ಪ್ರಸಾರವಾದವು. ಪಾಠಗಳು ಚೆನ್ನಾಗಿದ್ದವು, ಅನುಭವಿ ಶಿಕ್ಷಕರು ತಯಾರಿಸಿದ್ದರು. ಆದರೆ ಟಿವಿ ಇಲ್ಲದ ಮನೆಗಳಿದ್ದವು, ಪಾಠದ ಹೊತ್ತಿಗೇ ಕರೆಂಟ್ ಹೋಗುವ ಊರುಗಳಿದ್ದವು, ಇದ್ದ ಒಂದು ಮೊಬೈಲ್ ಫೋನು ಕೆಲಸಕ್ಕೆ ಹೋದ ಅಪ್ಪನ ಜೇಬಿನಲ್ಲಿರುತ್ತಿತ್ತು. ಗುಳೆ ಹೋಗಿದ್ದ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿಯಿಂದ ಮರಳಿ ಬಂದಿದ್ದವು, ಆ ಮಕ್ಕಳು ತಂದೆ-ತಾಯಿಯ ಜೊತೆ ಹೊಲದ ಕೆಲಸಕ್ಕೆ ಹೋಗತೊಡಗಿದ್ದರು. ಆಗಸ್ಟಿನಲ್ಲಿ ವಿದ್ಯಾಗಮ ಶುರುವಾದಾಗ ನಾವು ಶಿಕ್ಷಕರು ಊರೂರಿಗೆ ಹೋಗಿ ಗುಡಿಯ ಕಟ್ಟೆಯ ಮೇಲೆ, ಸಮುದಾಯ ಭವನದಲ್ಲಿ, ಬೇವಿನ ಮರದ ಕೆಳಗೆ ಮಕ್ಕಳನ್ನು ಸಣ್ಣ ಗುಂಪುಗಳಲ್ಲಿ ಕೂಡಿಸಿ ಪಾಠ ಮಾಡಿದೆವು. ಟಿವಿ ಪಾಠವನ್ನು ತಪ್ಪದೆ ನೋಡಿದ್ದ ಮಕ್ಕಳನ್ನೂ ಅಲ್ಲಿ ಮಾತಾಡಿಸಿದೆ. ಎಲ್ಲ ಅರ್ಥವಾಗಿದೆ ಎಂದೇ ಅವರು ಹೇಳುತ್ತಿದ್ದರು. ಒಂದು ಪ್ರಶ್ನೆ ಕೇಳಿದೊಡನೆ ಅರ್ಥವಾಗಿಲ್ಲ ಎಂಬುದು ನನಗೂ ಗೊತ್ತಾಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಅವರಿಗೇ ಅಚ್ಚರಿಯಾಗುತ್ತಿತ್ತು. ತನಗೆ ಯಾವುದು ತಿಳಿದಿಲ್ಲ ಎಂಬುದನ್ನು ತಾನೇ ಕಂಡುಕೊಳ್ಳುವುದು ಕಲಿತು ಬರುವ ಶಕ್ತಿ; ಹದಿಮೂರು ವರ್ಷದ ಮಗುವಿಗೆ ಅದು ಹುಟ್ಟಿನಿಂದ ಬಂದಿರುವುದಿಲ್ಲ. ನನಗೆ ಆ ಶಕ್ತಿ ಬಂದದ್ದು ತರಗತಿಗಳಲ್ಲಿ, ಕೆಲವರು ಒಳ್ಳೆಯ ಶಿಕ್ಷಕರು ನನ್ನನ್ನು ತಡೆದು ತಡೆದು ಕೇಳಿದ್ದರಿಂದ. ಅದು ಇದ್ದುದರಿಂದಲೇ ನಾನು ಎಂ.ಎ.ಯನ್ನು ದೂರದಿಂದ ಓದಬಲ್ಲವಳಾದೆ. ಆದ್ದರಿಂದ ವಯಸ್ಕರಿಗೆ ಒದಗಿದ ಈ ದಾರಿಯನ್ನು ಮಕ್ಕಳಿಗೂ ಅಗ್ಗದಲ್ಲಿ ಒದಗಿಸಬಹುದು, ಶಿಕ್ಷಕರ ಹುದ್ದೆಗಳನ್ನು ತುಂಬದೆ ಪರದೆಗಳನ್ನು ಕೊಟ್ಟರೆ ಸಾಕು ಎಂಬ ವಾದವನ್ನು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಈ ವಾದ ನಡೆಯಬಾರದು.

ಆದರೂ ಇಗ್ನೋ ಪುಸ್ತಕಗಳಿಂದ ಒಂದು ಕ್ರಮವನ್ನು ನಾನು ಶಾಲೆಗೆ ತಂದುಕೊಂಡೆ. ವಿದ್ಯಾಗಮದ ದಿನಗಳಲ್ಲಿ ಪ್ರತಿ ಪಾಠಕ್ಕೆ ಒಂದೊಂದು ಹಾಳೆ ಬರೆದು ಜೆರಾಕ್ಸ್ ಮಾಡಿಸಿ ಮಕ್ಕಳಿಗೆ ಕೊಡುತ್ತಿದ್ದೆ. ಮೇಲೆ ಈ ಪಾಠದಿಂದ ಏನು ತಿಳಿಯಬೇಕು ಎಂಬ ಎರಡು ಸಾಲು, ಕೆಳಗೆ ಮೂರು ಪ್ರಶ್ನೆ, ಉತ್ತರಕ್ಕೆ ಗೆರೆ, ಕೊನೆಯಲ್ಲಿ 'ನನಗೆ ತಿಳಿಯದೆ ಉಳಿದದ್ದು' ಎಂದು ಬರೆದ ಒಂದು ಖಾಲಿ ಚೌಕ. ಮೊದಮೊದಲು ಆ ಚೌಕವನ್ನು ಯಾರೂ ಮುಟ್ಟಲಿಲ್ಲ. ಹಾಳೆಗಳನ್ನು ಮನೆಗೆ ತಂದು, ಪ್ರತಿಯೊಬ್ಬರಿಗೂ ಅಂಚಿನಲ್ಲಿ ಒಂದು ಸಾಲು ಬರೆದು ಮರಳಿ ಕೊಡತೊಡಗಿದ ಮೇಲೆ ಚೌಕಗಳು ತುಂಬತೊಡಗಿದವು. ತರಗತಿಯಲ್ಲಿ ಎಂದೂ ಬಾಯಿ ತೆರೆಯದ ಒಬ್ಬ ಹುಡುಗಿ, ಊಳಿಗಮಾನ್ಯ ಪದ್ಧತಿಯಲ್ಲಿ ಜಮೀನು ಯಾರ ಹೆಸರಿನಲ್ಲಿ ಇರುತ್ತಿತ್ತು ಎಂದು ಅದರಲ್ಲಿ ಬರೆದಿದ್ದಳು. ಉತ್ತರಿಸಲು ನಾನು ಮತ್ತೆ ಪುಸ್ತಕ ತೆರೆಯಬೇಕಾಯಿತು. ಶಾಲೆ ತೆರೆದ ಮೇಲೂ ಆ ಹಾಳೆಗಳನ್ನು ಬಿಟ್ಟಿಲ್ಲ. ಕೊನೆಯ ಬೆಂಚಿನ ಹುಡುಗನೊಡನೆ ನನ್ನ ಮಾತು ಈಗ ಹೆಚ್ಚಾಗಿ ನಡೆಯುವುದು ಆ ಚೌಕದ ಮೂಲಕ.

ಎಂ.ಎ. ಪದವಿ ಬಂದ ಮೇಲೆ ನಮ್ಮೂರಿನ ಕೆಲವರು ಈ ದಾರಿಯ ಬಗ್ಗೆ ವಿಚಾರಿಸಲು ಬರುತ್ತಾರೆ. ಅವರಲ್ಲಿ ಒಬ್ಬರು ಅಂಗನವಾಡಿ ಕಾರ್ಯಕರ್ತೆ, ಪಿಯುಸಿ ಮುಗಿಸಿ ಮದುವೆಯಾದವರು. "ನನ್ ಕೈಲಿ ಆಗ್ತದಂತೀರೇನು ಟೀಚರ್?" ಎಂದು ಕೇಳಿದರು. ಆಗುತ್ತದೆ ಎಂದು ಬೆನ್ನು ತಟ್ಟಿ ಕಳಿಸುವುದು ಸುಲಭವಿತ್ತು, ನಾನು ಹಾಗೆ ಮಾಡಲಿಲ್ಲ. ಸೇರಬಯಸುವ ಸಂಸ್ಥೆಗೆ ಮತ್ತು ಆ ಕೋರ್ಸಿಗೆ ಈ ವರ್ಷ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಮಾನ್ಯತೆ ಇದೆಯೇ ಎಂದು ಅದರ ಜಾಲತಾಣದಲ್ಲಿ ಇಬ್ಬರೂ ಕೂಡಿ ನೋಡಿದೆವು. ಕನ್ನಡದಲ್ಲಿ ಓದಿ ಬರೆಯಬಹುದಾದ ಬಿ.ಎ.ಯನ್ನು ಆರಿಸಿಕೊಂಡೆವು. ಸಂಪರ್ಕ ತರಗತಿ ಎಲ್ಲಿ ನಡೆಯುತ್ತದೆ, ಅಲ್ಲಿಗೆ ಹೋಗಿ ಬರುವ ದಿನ ಮನೆಯಲ್ಲಿ ಮಕ್ಕಳನ್ನು ಯಾರು ನೋಡುತ್ತಾರೆ, ದಿನದ ಯಾವ ಹೊತ್ತು ಅವರದೇ ಆಗಿರುತ್ತದೆ ಎಂಬುದನ್ನು ಅವರ ಅತ್ತೆಯವರನ್ನೂ ಕೂಡಿಸಿಕೊಂಡು ಮಾತಾಡಿದೆವು. ಅತ್ತೆ ಸಂಜೆಯ ಅಡುಗೆ ತಾವು ನೋಡಿಕೊಳ್ಳುವುದಾಗಿ ಹೇಳಿದರು. ಈಗ ಅವರು ಎರಡನೆಯ ವರ್ಷದಲ್ಲಿದ್ದಾರೆ. ವಾರಕ್ಕೊಂದು ಸಂಜೆ ಪೆನ್ಸಿಲಿನಲ್ಲಿ ತುಂಬಿದ ಪುಸ್ತಕ ಹಿಡಿದು ನಮ್ಮ ಮನೆಗೆ ಬರುತ್ತಾರೆ. ಗಣಿತದ ಸರ್ ನನಗೆ ಮಾಡಿದಂತೆ, ನಾನು ಪಾಠ ಹೇಳುವುದಿಲ್ಲ; ಓದಿದ್ದನ್ನು ಅವರು ಹೇಳುತ್ತಾರೆ, ಎಲ್ಲಿ ನಿಲ್ಲುತ್ತಾರೋ ಅಲ್ಲಿಂದ ಇಬ್ಬರೂ ಶುರು ಮಾಡುತ್ತೇವೆ.